ಒಂದು ವಾರ ಆಸ್ಪಿರಿನ್ ಒಂದನ್ನೇ ಓದಿ

ಬಿ.ಫಾರ್ಮ ಎರಡನೆಯ ವರ್ಷ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ರಾತ್ರಿ ಬಾಯಿಪಾಠ ಮಾಡಿದ ರಚನೆಗಳು ಬೆಳಿಗ್ಗೆ ನೆನಪಿರುವುದಿಲ್ಲ, ಔಷಧ ರಸಾಯನಶಾಸ್ತ್ರವನ್ನು ಎಲ್ಲಿಂದ ಹಿಡಿಯಲಿ ಎಂದು ಕೇಳಿದ್ದೀರಿ. ಹಲವು ವರ್ಷ ಇದೇ ವಿಷಯವನ್ನು ಪಾಠ ಮಾಡಿದವನಾಗಿ ಹೇಳುತ್ತೇನೆ: ದೋಷ ನಿಮ್ಮ ನೆನಪಿನದಲ್ಲ, ಬಾಯಿಪಾಠದ್ದು. ನೂರು ರಚನೆಗಳ ಪಟ್ಟಿಯನ್ನು ಬದಿಗಿಟ್ಟು ಆಸ್ಪಿರಿನ್ ಒಂದನ್ನೇ ಹಿಡಿದು ಕುಳಿತುಕೊಳ್ಳಿ.

ಹಾಳೆಯ ತುಂಬ ದೊಡ್ಡದಾಗಿ ಬರೆಯಿರಿ. ನಡುವೆ ಬೆಂಜೀನ್ ಉಂಗುರ, ಒಂದು ಇಂಗಾಲಕ್ಕೆ ಕಾರ್ಬಾಕ್ಸಿಲಿಕ್ ಆಮ್ಲದ ಗುಂಪು, ಅದರ ಪಕ್ಕದ ಇಂಗಾಲಕ್ಕೆ ಎಸ್ಟರ್, ಅಂದರೆ ಆಮ್ಲಜನಕದ ಮೇಲೆ ಕೂತ ಅಸಿಟೈಲ್ ಗುಂಪು. ಅಷ್ಟೇ. ಈ ಎರಡು ಗುಂಪುಗಳ ಸ್ವಭಾವ ತಿಳಿದರೆ ಗುಳಿಗೆ ಡಬ್ಬಿಯಲ್ಲಿ ಹೇಗೆ ಕೆಡುತ್ತದೆ, ದೇಹದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೀವೇ ಊಹಿಸಬಲ್ಲಿರಿ.

ಎಸ್ಟರ್ ನೀರಿಗೆ ಸೋಲುತ್ತದೆ. ತೇವ ತಾಗಿದ ಹಳೆಯ ಆಸ್ಪಿರಿನ್ ಡಬ್ಬಿಯ ಮುಚ್ಚಳ ತೆರೆದರೆ ವಿನೆಗರ್‌ನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಎಸ್ಟರ್ ಒಡೆದು ಹೊರಬಂದ ಅಸಿಟಿಕ್ ಆಮ್ಲ ಅದು. ಹಿಂದೆ ಉಳಿದದ್ದು ಸ್ಯಾಲಿಸಿಲಿಕ್ ಆಮ್ಲ. ಪ್ರಯೋಗಾಲಯದಲ್ಲಿ ಹೊಸ ಗುಳಿಗೆಯೊಂದನ್ನೂ ಹೀಗೆ ಕೆಟ್ಟ ಗುಳಿಗೆಯೊಂದನ್ನೂ ಪುಡಿ ಮಾಡಿ, ಬೇರೆ ಬೇರೆ ಪ್ರನಾಳಗಳಲ್ಲಿ ಸ್ವಲ್ಪ ಆಲ್ಕೊಹಾಲ್ ಹಾಕಿ ಕಲಕಿ, ಒಂದೊಂದು ಹನಿ ಫೆರಿಕ್ ಕ್ಲೋರೈಡ್ ಬಿಡಿ. ಹೊಸದರಲ್ಲಿ ಬಣ್ಣ ಹೆಚ್ಚೇನೂ ಬದಲಾಗುವುದಿಲ್ಲ. ಕೆಟ್ಟದ್ದು ನೇರಳೆಗೆ ತಿರುಗುತ್ತದೆ, ಏಕೆಂದರೆ ಎಸ್ಟರ್ ಮುಚ್ಚಿಟ್ಟಿದ್ದ ಫೀನಾಲ್ ಗುಂಪು (ಉಂಗುರಕ್ಕೆ ನೇರವಾಗಿ ಅಂಟಿದ OH) ಈಗ ಬಯಲಾಗಿದೆ. ಆ ನೇರಳೆ ಏರುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗಳು ಜಲವಿಭಜನೆಯನ್ನು, ಅಂದರೆ ನೀರು ಎಸ್ಟರನ್ನು ಒಡೆಯುವುದನ್ನು, ಮರೆತದ್ದನ್ನು ನಾನು ನೋಡಿಲ್ಲ. (ಪ್ಯಾರಾಸಿಟಮಾಲ್‌ನಲ್ಲಿ ಫೀನಾಲ್ ಮೊದಲಿನಿಂದಲೇ ಬಯಲಾಗಿರುವುದರಿಂದ ಅದು ಹೊಸದಿದ್ದಾಗಲೂ ಬಣ್ಣ ಕೊಡುತ್ತದೆ. ಅದರ ಅಸಿಟೈಲ್ ಕೂತಿರುವುದು ಸಾರಜನಕದ ಮೇಲೆ, ಅಂದರೆ ಅದು ಅಮೈಡ್. ಅಮೈಡ್ ಎಸ್ಟರ್‌ಗಿಂತ ಗಟ್ಟಿ.)

ಡಬ್ಬಿಯಲ್ಲಿ ಔಷಧವನ್ನು ಕೆಡಿಸುವ ಅದೇ ಅಸಿಟೈಲ್ ದೇಹದೊಳಗೆ ಅದರ ಬಲ. ನೋವು, ಉರಿಯೂತಕ್ಕೆ ಕಾರಣವಾಗುವ ಪ್ರೊಸ್ಟಗ್ಲಾಂಡಿನ್‌ಗಳನ್ನು ತಯಾರಿಸುವ ಕಿಣ್ವ ಸೈಕ್ಲೋಆಕ್ಸಿಜನೇಸ್. ಆಸ್ಪಿರಿನ್ ಅದರ ಒಂದು ಸೆರೀನ್‌ಗೆ (ಕಿಣ್ವದೊಳಗಿನ ಒಂದು ಅಮೈನೊ ಆಮ್ಲ) ತನ್ನ ಅಸಿಟೈಲ್ ಗುಂಪನ್ನು ಅಂಟಿಸಿಬಿಡುತ್ತದೆ. ಅದು ಮತ್ತೆ ಕಳಚುವುದಿಲ್ಲ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಹೊಸ ಕಿಣ್ವ ತಯಾರಿಸಿಕೊಳ್ಳಲಾರದು, ಹಾಗಾಗಿ ಅದು ಬದುಕಿರುವ ಎಂಟು ಹತ್ತು ದಿನವೂ ಪರಿಣಾಮ ಉಳಿಯುತ್ತದೆ. ಹೃದ್ರೋಗಿಗಳಿಗೆ ದಿನಕ್ಕೆ 75 ಮಿಲಿಗ್ರಾಂನಷ್ಟು ಪುಟ್ಟ ಪ್ರಮಾಣ ಸಾಕಾಗುವುದು ಇದರಿಂದಲೇ. ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಎಪ್ಪತ್ತು ವರ್ಷ ಜಗತ್ತು ಕಾರಣ ತಿಳಿಯದೆ ಇದನ್ನು ನುಂಗಿತು ಎಂದು ನೆನೆದಾಗಲೆಲ್ಲ ನನಗೆ ಈ ವಿಷಯದ ಮೇಲೆ ಹೊಸದಾಗಿ ಪ್ರೀತಿ ಹುಟ್ಟುತ್ತದೆ.

ಇನ್ನು ಆಮ್ಲದ ಗುಂಪು. ಇದರ ಪಿಕೆಎ (ಆಮ್ಲ ಎಷ್ಟು ಪ್ರಬಲ ಎಂದು ಹೇಳುವ ಅಂಕ) ಸುಮಾರು 3.5. ಸುತ್ತಲಿನ ಪಿಎಚ್ ಕೂಡ 3.5 ಇದ್ದರೆ ಅಣುಗಳಲ್ಲಿ ಅರ್ಧ ಅಯಾನು, ಅಂದರೆ ವಿದ್ಯುದಂಶ ಹೊತ್ತದ್ದು, ಅರ್ಧ ಅಲ್ಲ. ಅಲ್ಲಿಂದ ಪಿಎಚ್ ಒಂದೊಂದು ಅಂಕ ಸರಿದಂತೆ ಅನುಪಾತ ಹತ್ತು ಪಟ್ಟು ಬದಲಾಗುತ್ತದೆ. ಜಠರದಲ್ಲಿ 1.5 ಎಂದುಕೊಳ್ಳಿ: ನೂರು ಅಣುಗಳು ವಿದ್ಯುದಂಶವಿಲ್ಲದೆ ಇದ್ದರೆ ಒಂದು ಮಾತ್ರ ಅಯಾನು. ರಕ್ತದ 7.4ರಲ್ಲಿ ಲೆಕ್ಕ ತಲೆಕೆಳಗು, ಸುಮಾರು ಎಂಟು ಸಾವಿರ ಅಯಾನುಗಳಿಗೆ ಒಂದು. ಕೊಬ್ಬಿನ ಪೊರೆಯನ್ನು ಸುಲಭವಾಗಿ ದಾಟುವುದು ವಿದ್ಯುದಂಶವಿಲ್ಲದ ಅಣು. ಇಷ್ಟು ಕಲಿತವರು ಪರೀಕ್ಷೆಯಲ್ಲಿ 'ಆದ್ದರಿಂದ ಆಸ್ಪಿರಿನ್ ಜಠರದಲ್ಲೇ ಹೀರಲ್ಪಡುತ್ತದೆ' ಎಂದು ಬರೆಯುತ್ತಾರೆ. ಅದು ತಪ್ಪು; ಹೆಚ್ಚಿನ ಪಾಲು ಹೀರಲ್ಪಡುವುದು ಸಣ್ಣ ಕರುಳಿನಲ್ಲಿ. ಅಲ್ಲಿನ ಮೇಲ್ಮೈ ಅಷ್ಟು ವಿಶಾಲ. ಈ ಲೆಕ್ಕ ಅಣುವಿನ ಸ್ಥಿತಿಯನ್ನಷ್ಟೇ ಹೇಳುತ್ತದೆ, ಅದು ನಿಂತ ನೆಲವನ್ನು ನೀವು ನೋಡಿಕೊಳ್ಳಬೇಕು. ಆಸ್ಪಿರಿನ್ ಅತಿಯಾಗಿ ನುಂಗಿದವರಿಗೆ ಆಸ್ಪತ್ರೆಯಲ್ಲಿ ಸೋಡಿಯಂ ಬೈಕಾರ್ಬನೇಟ್ ಕೊಡುವುದೇಕೆ ಎಂಬುದಕ್ಕೂ ಇದೇ ಲೆಕ್ಕ ಉತ್ತರ: ಮೂತ್ರ ಕ್ಷಾರೀಯವಾದರೆ ಸ್ಯಾಲಿಸಿಲೇಟ್ ಅಯಾನಾಗಿಯೇ ಉಳಿಯುತ್ತದೆ, ರಕ್ತಕ್ಕೆ ಹಿಂದಿರುಗಲಾರದೆ ಹೊರಹೋಗುತ್ತದೆ.

ಆಸ್ಪಿರಿನ್ ಕೈವಶವಾದ ಮೇಲೆ ಒಂದು ಪ್ರತ್ಯಾಮ್ಲಕ್ಕೆ ಹೋಗಿ; ಚುಚ್ಚಿದ ಜಾಗವನ್ನು ಮರಗಟ್ಟಿಸುವ ಲಿಡೊಕೇನ್ ಒಳ್ಳೆಯದು. ಪಿಕೆಎ 7.9. ಇಲ್ಲಿ ಎಲ್ಲವೂ ಉಲ್ಟಾ: ಪಿಎಚ್ ಇಳಿದಷ್ಟೂ ಅಯಾನು ಹೆಚ್ಚು. ಸಾಮಾನ್ಯ ಅಂಗಾಂಶದ 7.4ರಲ್ಲಿ ಸುಮಾರು ಕಾಲು ಭಾಗ ಪೊರೆ ದಾಟಲು ಸಿದ್ಧ. ಕೀವು ತುಂಬಿದ ಹಲ್ಲಿನ ಸುತ್ತ ಪಿಎಚ್ 6.9ಕ್ಕೆ ಇಳಿದಿದೆ ಎಂದುಕೊಂಡು ಉತ್ತರ ನೋಡದೆ ನೀವೇ ಲೆಕ್ಕ ಹಾಕಿ. ಹತ್ತರಲ್ಲಿ ಒಂದು ಪಾಲೂ ಸಿಗದು. ಅಂಥ ಜಾಗದಲ್ಲಿ ಚುಚ್ಚುಮದ್ದು ಕೊಟ್ಟರೂ ಸರಿಯಾಗಿ ಮರಗಟ್ಟದಿರಲು ಒಂದು ಮುಖ್ಯ ಕಾರಣ ನಿಮ್ಮ ಹಾಳೆಯ ಮೇಲೆಯೇ ಸಿಕ್ಕಿರುತ್ತದೆ.