‘ಆಗಿಬರುವುದಿಲ್ಲ’ ಎನ್ನುವವರಿಗೆ ಲಸಿಕೆ ಹಾಕಿಸಬಹುದೇ?

ಪ್ರಶ್ನೆ: ನಾವು ಚಳ್ಳಕೆರೆ ತಾಲ್ಲೂಕಿನವರು. ನನ್ನ ಮಗನಿಗೆ 17 ತಿಂಗಳು. ಒಂಬತ್ತು ತಿಂಗಳಿಗೆ ದಡಾರ–ರುಬೆಲ್ಲಾ ಲಸಿಕೆ ಹಾಕಿಸಿದಾಗ ತೊಂದರೆಯಾಗಲಿಲ್ಲ. ಹನ್ನೊಂದನೇ ತಿಂಗಳಲ್ಲಿ ಬೇಯಿಸಿದ ಮೊಟ್ಟೆ ತಿನ್ನಿಸಿದ ಕಾಲು ಗಂಟೆಗೆ ತುಟಿ ಊದಿ, ಕುತ್ತಿಗೆಯವರೆಗೆ ಪಿತ್ತದ ಗಂಧೆ ಎದ್ದವು. ಈಗ ಆಶಾ ಕಾರ್ಯಕರ್ತೆ ಎರಡನೇ ಡೋಸ್‌ಗೆ ಕರೆಯುತ್ತಿದ್ದಾರೆ. ಲಸಿಕೆಯನ್ನು ಮೊಟ್ಟೆಯಿಂದ ಮಾಡುತ್ತಾರಂತೆ, ಬೇಡ ಎಂದು ನಮ್ಮತ್ತೆ ಹೇಳುತ್ತಾರೆ. ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರಿಗೂ ಧೂಳು ಆಗಿಬರುವುದಿಲ್ಲ, ಉಬ್ಬಸ ಬರುತ್ತದೆ. ಪೆನ್ಸಿಲಿನ್ ಕೂಡ ಆಗುವುದಿಲ್ಲ. ಹೋದ ವಾರ ಬೀದಿನಾಯಿ ಕಾಲಿಗೆ ಕಚ್ಚಿದಾಗ ಇದೇ ಭಯಕ್ಕೆ ಚುಚ್ಚುಮದ್ದು ಹಾಕಿಸಿಕೊಂಡಿಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತೇನೆ. ಪತ್ರ ಕೈಸೇರಿದ ದಿನವೇ ಇದನ್ನು ನಿಮಗೆ ದೂರವಾಣಿಯಲ್ಲಿ ತಿಳಿಸಿದ್ದೇನೆ. ಇದೇ ಭಯದಲ್ಲಿ ಮನೆಯಲ್ಲಿ ಕುಳಿತಿರಬಹುದಾದ ಬೇರೆಯವರಿಗಾಗಿ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ರೇಬಿಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದ್ದರಿಂದ ನಾಯಿ ಕಚ್ಚಿದ ಮೇಲೆ ಹಾಕುವ ಲಸಿಕೆಗೆ ಯಾವ ಅಲರ್ಜಿಯೂ ಅಡ್ಡಿಯಲ್ಲ. ವಾರ ಕಳೆದಿದ್ದರೂ ಸರಿ, ಇಂದೇ ಆಸ್ಪತ್ರೆಗೆ ಹೋಗಬೇಕು. ಧೂಳಿನ ಅಲರ್ಜಿಗೂ ಈ ಲಸಿಕೆಗೂ ಸಂಬಂಧವಿಲ್ಲ, ಲಸಿಕೆಗಳಲ್ಲಿ ಪೆನ್ಸಿಲಿನ್ ಇರುವುದೂ ಇಲ್ಲ. ರೇಬಿಸ್ ಲಸಿಕೆಗಳಲ್ಲಿ ಕೆಲವನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ, ಕೆಲವನ್ನು ವೆರೋ ಎಂಬ ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಮೊಟ್ಟೆಯಿಂದ ಉಸಿರುಕಟ್ಟುವಷ್ಟು ತೀವ್ರ ತೊಂದರೆ ಆದವರು ಅದನ್ನು ವೈದ್ಯರಿಗೆ ಹೇಳಿದರೆ ಎರಡನೆಯ ಬಗೆಯದನ್ನು ಹಾಕುತ್ತಾರೆ. ಹಲ್ಲು ನಾಟಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಾಣುವನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ಅದು ಕುದುರೆಯ ರಕ್ತಸಾರದಿಂದ ತಯಾರಾದದ್ದಾಗಿದ್ದರೆ ತಮ್ಮ ಅಲರ್ಜಿಯ ವಿಷಯವನ್ನು ಮುಚ್ಚಿಡದೆ ಹೇಳಿ, ತುರ್ತು ಚಿಕಿತ್ಸೆಯ ಸಿದ್ಧತೆ ಇರುವ ಕಡೆಯೇ ಹಾಕಿಸಿಕೊಳ್ಳಲಿ.

ಇನ್ನು ಮಗುವಿನ ವಿಷಯ. ನಮ್ಮ ಕಡೆ ‘ಆಗಿಬರುವುದಿಲ್ಲ’ ಎಂಬ ಒಂದೇ ಮಾತಿನೊಳಗೆ ಹಲವು ಸಂಗತಿಗಳು ಸೇರಿಕೊಂಡಿವೆ. ಬದನೆಕಾಯಿ, ಶೇಂಗಾ, ಮೊಟ್ಟೆ ನಂಜು ಎಂದು ಗಾಯವಾದವರಿಗೆ ಕೊಡದಿರುವುದು, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು, ಕಾಂಗ್ರೆಸ್ ಹುಲ್ಲು ಸೋಕಿ ಚರ್ಮ ಕೆರೆತಕ್ಕೆ ಬರುವುದು, ಮೊಟ್ಟೆ ತಿಂದ ಕಾಲು ಗಂಟೆಗೆ ತುಟಿ ಊದಿಕೊಳ್ಳುವುದು ಎಲ್ಲಕ್ಕೂ ಅದೇ ಮಾತು. ಇವುಗಳಲ್ಲಿ ಕೊನೆಯದು ಮಾತ್ರ ದೇಹ ತಕ್ಷಣ ಕೆರಳುವ ಬಗೆಯ ಅಲರ್ಜಿ, ಮತ್ತು ನಿಮ್ಮ ಮಗುವಿಗೆ ಆದದ್ದು ಬಹುಮಟ್ಟಿಗೆ ಅದೇ. ನಿಮ್ಮ ಆತಂಕಕ್ಕೆ ಕಾರಣವಿದೆ ಎಂದು ನಾನು ಒಪ್ಪುತ್ತೇನೆ.

ಹಾಗಿದ್ದೂ ಎರಡನೇ ಡೋಸ್ ಹಾಕಿಸಲೇಬೇಕೆಂದು ನಿಮಗೆ ಹೇಳುತ್ತೇನೆ. ದಡಾರದ ವೈರಾಣುವನ್ನು ಕೆಲವು ತಯಾರಕರು ಕೋಳಿ ಭ್ರೂಣದಿಂದ ತೆಗೆದ ಜೀವಕೋಶಗಳಲ್ಲಿ ಬೆಳೆಸುತ್ತಾರೆ, ಕೆಲವರು ಮಾನವ ಜೀವಕೋಶಗಳಲ್ಲಿ ಬೆಳೆಸುತ್ತಾರೆ. ನಿಮ್ಮ ಅತ್ತೆಯವರು ಕೇಳಿದ ಮಾತು ಹುಟ್ಟಿದ್ದು ಮೊದಲನೆಯ ವಿಧಾನದಿಂದ. ಆದರೆ ಬೆಳೆಸುವುದು ಮೊಟ್ಟೆಯ ಬಿಳಿಯಲ್ಲಿ ಅಲ್ಲವಾದ್ದರಿಂದ, ಅಲರ್ಜಿ ಕೆರಳಿಸುವಷ್ಟು ಮೊಟ್ಟೆಯ ಅಂಶ ಕೊನೆಗೆ ಅದರಲ್ಲಿ ಉಳಿಯುವುದಿಲ್ಲ; ಮೊಟ್ಟೆಯಿಂದ ತೀವ್ರ ತೊಂದರೆ ಆದ ಮಕ್ಕಳಿಗೂ ಈ ಲಸಿಕೆಯನ್ನು ಮುಂಚಿತ ಪರೀಕ್ಷೆಯಿಲ್ಲದೆ ಪೂರ್ಣ ಪ್ರಮಾಣದಲ್ಲಿ ಹಾಕಲಾಗುತ್ತದೆ. ಮೊಟ್ಟೆಯ ಅಲರ್ಜಿ ನಿಜವಾಗಿ ತಡೆಯಾಗುವುದು ಮುಖ್ಯವಾಗಿ ಆಫ್ರಿಕಾಕ್ಕೆ ಹೋಗುವವರು ಹಾಕಿಸಿಕೊಳ್ಳುವ ಹಳದಿ ಜ್ವರದ ಲಸಿಕೆಗೆ, ಅದರ ಗೊಡವೆ ನಿಮಗಿಲ್ಲ. ಎರಡನೇ ಡೋಸ್‌ಗೆ 16ರಿಂದ 24 ತಿಂಗಳ ನಡುವಿನ ಅವಧಿ ನಿಗದಿಯಾಗಿದೆ, ಹಾಗಾಗಿ ಮಗು ಸರಿಯಾದ ಸಮಯದಲ್ಲೇ ಇದೆ. ಮಿಲ್ಲಿನ ಮನೆಯವರಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಇಂದಿನ ಲಸಿಕೆಗಳಲ್ಲಿ ಶೇಂಗಾ ಎಣ್ಣೆಯೂ ಇಲ್ಲ.

ಹಾಗಾದರೆ ಯಾರು ತಡೆದು ನಿಲ್ಲಬೇಕು? ಅದೇ ಲಸಿಕೆಯ ಹಿಂದಿನ ಡೋಸ್‌ನಿಂದ ಅಥವಾ ಅದರಲ್ಲಿರುವ ಯಾವುದಾದರೂ ವಸ್ತುವಿನಿಂದ, ಉದಾಹರಣೆಗೆ ಕೆಲವು ಲಸಿಕೆಗಳಲ್ಲಿರುವ ಜೆಲಟಿನ್ ಅಥವಾ ನಿಯೋಮೈಸಿನ್ ಎಂಬ ಆಂಟಿಬಯೋಟಿಕ್‌ನಿಂದ, ಉಸಿರಾಟ ಕಷ್ಟವಾಗುವ, ರಕ್ತದೊತ್ತಡ ಕುಸಿಯುವ ಅನಾಫಿಲ್ಯಾಕ್ಸಿಸ್ ಆಗಿದ್ದವರು ಮಾತ್ರ. ಅವರು ಕೂಡ ಎಲ್ಲ ಲಸಿಕೆಗಳಿಗೂ ಬೆನ್ನು ತಿರುಗಿಸಬೇಕಾಗಿಲ್ಲ. ತಜ್ಞರು ಪರಿಶೀಲಿಸಿ ಯಾವುದು ಬೇಡ, ಯಾವುದನ್ನು ಆಸ್ಪತ್ರೆಯಲ್ಲಿಟ್ಟು ಹಾಕಬಹುದು ಎಂದು ಹೇಳುತ್ತಾರೆ. ಸೂಜಿ ಚುಚ್ಚಿದ ಜಾಗ ಕೆಂಪಾಗಿ ಊದುವುದು, ಆ ರಾತ್ರಿ ಜ್ವರ ಬರುವುದು ಅಲರ್ಜಿಯ ಲಕ್ಷಣವಲ್ಲ.

ಮುಂಜಾಗ್ರತೆಗೆಂದು ಅವಿಲ್ ಎಂಬ ಅಲರ್ಜಿ ಮಾತ್ರೆ ಕೊಟ್ಟು ಕರೆತರುವ ತಂದೆತಾಯಿಯರನ್ನು ಆಗಾಗ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಅನಾಫಿಲ್ಯಾಕ್ಸಿಸ್ ತಡೆಯುವುದಿಲ್ಲ, ಬದಲಿಗೆ ಮೊದಲು ಕಾಣಬೇಕಾದ ಗಂಧೆ, ತುರಿಕೆಗಳನ್ನು ಮರೆಮಾಚಬಹುದು. ಮಗುವನ್ನು ಕಾಯುವುದು ಲಸಿಕೆಯ ನಂತರದ ಅರ್ಧ ಗಂಟೆ. ಸೂಜಿ ತೆಗೆದ ಕೂಡಲೇ ಬಸ್ಸಿಗೆ ಹೊತ್ತಾಯಿತೆಂದು ಅಳುವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದುಬಿಡುವ ತಾಯಂದಿರನ್ನು ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ. ಅನಾಫಿಲ್ಯಾಕ್ಸಿಸ್ ಸುಮಾರು 10 ಲಕ್ಷ ಡೋಸ್‌ಗಳಿಗೆ ಒಂದರಂತೆ ಮಾತ್ರ ಆಗುತ್ತದೆ, ಆದರೆ ಆದಾಗ ಹೆಚ್ಚಾಗಿ ಈ ಅರ್ಧ ಗಂಟೆಯೊಳಗೇ ಆಗುತ್ತದೆ. ಮಗುವಿನ ಅಂಗಿ ಬಿಚ್ಚಿ ಹೊಟ್ಟೆ, ಬೆನ್ನು ನೋಡುತ್ತಿರಿ. ಗಂಧೆಯ ಜೊತೆಗೆ ಧ್ವನಿ ಒಡೆದರೆ, ಎದೆಯಲ್ಲಿ ಸುಯ್‌ಗುಟ್ಟಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಗು ಸೊರಗಿ ಬಿದ್ದುಕೊಂಡರೆ ಕೂಗಿ ಹೇಳಿ. ಆಗ ಮೊದಲು ಬೇಕಾದದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್; ಹತ್ತು ಕಿಲೊ ತೂಕದ ಮಗುವಿಗೆ 0.1 ಮಿಲಿ. ಅವಿಲ್, ಡೆಕ್ಸಾ ಎಂಬ ಸ್ಟೀರಾಯ್ಡ್ ಎಲ್ಲ ಆಮೇಲಿನವು. ಅಡ್ರಿನಲಿನ್ ಇರುವ ಕಿಟ್ ಇದೆಯೇ ಎಂದು ಲಸಿಕೆಗೆ ಮುಂಚೆಯೇ ಕೇಳುವುದು ನಿಮ್ಮ ಹಕ್ಕು, ಅದನ್ನು ಕೇಳಿದರೆ ಯಾರೂ ಬೇಸರಪಡಬಾರದು.

ಅಲರ್ಜಿ ಎಂಬ ಪದವನ್ನು ಬರೆಯುವವರೂ ಎಚ್ಚರದಿಂದಿರಬೇಕು. ನಾನು ಕಂಡ ಒಬ್ಬ ಹುಡುಗಿ ಹತ್ತನೇ ತರಗತಿಯಲ್ಲಿದ್ದಾಗ, ಬೆಳಿಗ್ಗೆ ಏನೂ ತಿನ್ನದೆ ಸಾಲಿನಲ್ಲಿ ನಿಂತು ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಲಸಿಕೆ ಹಾಕಿಸಿಕೊಂಡ ಮರುನಿಮಿಷವೇ ಬಿದ್ದಿದ್ದಳು. ಮುಖ ಬಿಳಚಿಕೊಂಡಿತ್ತು, ತಣ್ಣನೆಯ ಬೆವರಿತ್ತು, ನಾಡಿ ನಿಧಾನವಾಗಿತ್ತು, ಮಲಗಿಸಿ ಕಾಲು ಎತ್ತರಿಸಿದ ಕೂಡಲೇ ಕಣ್ಣು ಬಿಟ್ಟಳು. ಅದು ಹೆದರಿಕೆಯಿಂದ ಬಂದ ಬವಳಿ. ಅನಾಫಿಲ್ಯಾಕ್ಸಿಸ್‌ನಲ್ಲಿ ನಾಡಿ ಸಾಮಾನ್ಯವಾಗಿ ಓಡುತ್ತದೆ, ಮಲಗಿಸಿದ ಮಾತ್ರಕ್ಕೆ ಸುಧಾರಿಸುವುದಿಲ್ಲ. ಆದರೆ ಅವಳ ಚೀಟಿಯಲ್ಲಿ ಯಾರೋ ‘ಲಸಿಕೆ ಅಲರ್ಜಿ’ ಎಂದು ಬರೆದರು. ಹಲವು ವರ್ಷಗಳ ಬಳಿಕ ಮೆಕ್ಕೆಜೋಳ ಕೊಯ್ಯುವಾಗ ಕುಡುಗೋಲು ತಗುಲಿ ಪಾದ ಸೀಳಿದಾಗ ಮನೆಯವರು ಆ ಚೀಟಿ ಹಿಡಿದು ಧನುರ್ವಾಯುವಿನ ಚುಚ್ಚುಮದ್ದು ಬೇಡವೆಂದರು, ಅವರನ್ನು ಒಪ್ಪಿಸಲು ನನಗೆ ಒಂದು ತಾಸು ಹಿಡಿಯಿತು.

ಆದ್ದರಿಂದ ನಿಮ್ಮ ತಾಯಿ ಕಾರ್ಡಿನಲ್ಲಿ ಬರೀ ‘ಅಲರ್ಜಿ’ ಎಂದು ಬರೆಸಬೇಡಿ, ‘ಬೇಯಿಸಿದ ಮೊಟ್ಟೆ ತಿಂದ 15 ನಿಮಿಷಕ್ಕೆ ತುಟಿ ಊತ, ಮೈಮೇಲೆ ಗಂಧೆ, ಮೊದಲ ದಡಾರ ಲಸಿಕೆಗೆ ತೊಂದರೆ ಇಲ್ಲ’ ಎಂದು ಬರೆಸಿ. ಲಸಿಕೆಯ ದಿನ ಮಗುವಿಗೆ ಉಬ್ಬಸವೋ ಜೋರು ಜ್ವರವೋ ಇದ್ದರೆ ಕಡಿಮೆಯಾದ ಮೇಲೆ ಹೋಗಿ. ಮೊಟ್ಟೆಯನ್ನು ಮತ್ತೆ ಮನೆಯಲ್ಲಿ ತಿನ್ನಿಸಿ ನೋಡುವ ಸಾಹಸ ಬೇಡ. ಈ ಅಲರ್ಜಿ ಬಹಳ ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ. ಹೋಗಿದೆಯೋ ಇಲ್ಲವೋ ಎಂಬುದನ್ನು ಚಿತ್ರದುರ್ಗ ಅಥವಾ ದಾವಣಗೆರೆಯಲ್ಲಿ ಮಕ್ಕಳ ತಜ್ಞರ ಬಳಿ, ಅವರು ಹೇಳಿದ ಕಾಲಕ್ಕೆ ಪರೀಕ್ಷಿಸಿಕೊಳ್ಳಿ.