ಬ್ಯಾಟರಿ ಸತ್ತಿಲ್ಲ, ಚಳಿ ಹಿಡಿದಿದೆ

ಡಿಸೆಂಬರ್ ಬಂತೆಂದರೆ ಆ್ಯಕ್ಷನ್ ಕ್ಯಾಮೆರಾ, ಅಂದರೆ ಮೈಗೋ ಬಂಡಿಗೋ ಕಟ್ಟಿ ವಿಡಿಯೊ ತೆಗೆಯುವ ಪುಟ್ಟ ಕ್ಯಾಮೆರಾ, ಅದನ್ನು ಹಿಮದಲ್ಲಿ ಬಳಸುವ ಬಗ್ಗೆ ನನಗೆ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ಅಮೆರಿಕದ ಮಿನ್ನೆಸೋಟಾದ ಹಿಮದಲ್ಲಿ ಹದಿನಾಲ್ಕು ಚಳಿಗಾಲ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಎಂಜಿನ್ ಬಂಡಿ, ಓಡಿಸಿದ್ದೇನೆ. ಇಲ್ಲಿ ಅದನ್ನು ಎಲ್ಲರೂ ಸ್ಲೆಡ್ ಅಂತಲೇ ಕರೆಯೋದು. ಆ್ಯಕ್ಷನ್ ಕ್ಯಾಮೆರಾ ಆನ್ ಮಾಡೋದು ಹೇಗೆ, ಯಾವ ಕಾರ್ಡ್ ಹಾಕಬೇಕು ಅನ್ನೋದನ್ನೆಲ್ಲ ಮತ್ತೆ ಹೇಳುವುದಿಲ್ಲ. ಹೆಚ್ಚು ಜನ ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೇ ಹೆಚ್ಚು ಜಾಗ. ಆ ಪ್ರಶ್ನೆ ಇದು:

ಮನೆಯಲ್ಲಿ ಒಂದೂವರೆ ಗಂಟೆ ಬರುವ ಕ್ಯಾಮೆರಾ ಬ್ಯಾಟರಿ, ಮಿನ್ನೆಸೋಟಾದ ಡುಲುತ್ ಊರಿನಿಂದ ಹೊರಟ ಇಪ್ಪತ್ತೇ ನಿಮಿಷಕ್ಕೆ ಕೈಕೊಟ್ಟಿತು. ಮೈನಸ್ 18 ಡಿಗ್ರಿ ಇತ್ತು. ಮೂರು ಬ್ಯಾಟರಿ ಬದಲಾಯಿಸಿದೆ, ಮೂರೂ ಹಾಗೇ. ಅಂಗಡಿಯವನು ಡೂಪ್ಲಿಕೇಟ್ ಕೊಟ್ಟನಾ?

ಇಲ್ಲ. ದಯವಿಟ್ಟು ಆ ಬ್ಯಾಟರಿಗಳನ್ನು ಎಸೆಯಬೇಡಿ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಿಂದ ಇಳಿಯುವುದಿಲ್ಲ, ಅಲ್ವಾ? ಎಣ್ಣೆ ಖಾಲಿಯಾಗಿರುವುದಿಲ್ಲ, ಹರಿಯುವುದಿಲ್ಲ ಅಷ್ಟೆ. ಲಿಥಿಯಂ ಅಯಾನ್ ಬ್ಯಾಟರಿಯೊಳಗಿನ ದ್ರವ ಅಷ್ಟು ಗಟ್ಟಿಯಾಗದಿದ್ದರೂ ಮಂದವಾಗುತ್ತದೆ. ಒಳಗಿನ ತಡೆ ಜಾಸ್ತಿಯಾಗುತ್ತದೆ. ಕ್ಯಾಮೆರಾ 4ಕೆ (ತುಂಬಾ ಸ್ಪಷ್ಟ ವಿಡಿಯೊ) ರೆಕಾರ್ಡಿಂಗ್‌ಗೆ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಚಾರ್ಜ್ ಮುಗಿಯಿತು ಅಂದುಕೊಂಡು ಕ್ಯಾಮೆರಾ ಆಫ್ ಆಗುತ್ತದೆ. ಅದೇ ಬ್ಯಾಟರಿಯನ್ನು ಕಂಕುಳಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೆ ಹಾಕಿ ನೋಡಿ. ಅರ್ಧಕ್ಕಿಂತ ಜಾಸ್ತಿ ಚಾರ್ಜ್ ತೋರಿಸಿದರೂ ಆಶ್ಚರ್ಯವಿಲ್ಲ.

ಹಾಗಾಗಿ ಇನ್ನೂ ನಾಲ್ಕು ಬ್ಯಾಟರಿ ಕೊಳ್ಳುವುದು ಪರಿಹಾರವಲ್ಲ. ಇರುವುದನ್ನು ಬೆಚ್ಚಗಿಡಿ. ನಾನು ಪವರ್ ಬ್ಯಾಂಕನ್ನು ಜಾಕೆಟ್ಟಿನ ಹೊರಜೇಬಿನಲ್ಲಿ ಇಡುವುದೇ ಇಲ್ಲ. ಅದು ಒಳಗಿನ ಉಣ್ಣೆ ಅಂಗಿಗೆ ತಾಗಿಕೊಂಡಿರಬೇಕು. ಅಲ್ಲಿಂದ ಒಂದು ಯುಎಸ್‌ಬಿ ಕೇಬಲ್ ಜಾಕೆಟ್ಟಿನ ಜಿಪ್ಪಿನ ಸಂದಿಯಿಂದ ಹೊರಬಂದು, ಎದೆಗೆ ಕಟ್ಟಿದ ಕ್ಯಾಮೆರಾಗೆ ಸೇರುತ್ತದೆ. ಹೊರಗೆ ಕಾಣುವುದು ಒಂದು ಗೇಣು ಮಾತ್ರ. ಸಿಲಿಕೋನ್ ಹೊದಿಕೆಯ ಕೇಬಲ್ ತಗೊಳ್ಳಿ. ಸಾಮಾನ್ಯ ಕೇಬಲ್ ಈ ಚಳಿಗೆ ಕಬ್ಬಿಣದ ತಂತಿಯ ಹಾಗೆ ಸೆಟೆದುಕೊಂಡು ಸಾಕೆಟ್ಟನ್ನೇ ಮೀಟುತ್ತದೆ. ಕ್ಯಾಮೆರಾದ ಬ್ಯಾಟರಿ ಮುಚ್ಚುವ ಬಾಗಿಲಿಗೆ ಬದಲಾಗಿ, ಕೇಬಲ್ ಹೋಗಲು ತೂತಿರುವ ಬಾಗಿಲು ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನು ಹಾಕಿ. ಆ ಬಾಗಿಲಿದ್ದರೆ ಕ್ಯಾಮೆರಾ ವಾಟರ್‌ಪ್ರೂಫ್ ಅಲ್ಲ ಅನ್ನೋದು ನೆನಪಿರಲಿ. ಪುಡಿಹಿಮ ನುಗ್ಗದ ಹಾಗೆ ಸುತ್ತ ಟೇಪ್ ಸುತ್ತಿ.

ಕೇಬಲ್ಲಿನ ನಡುವೆ ಆಯಸ್ಕಾಂತದ ಜೋಡಣೆ ಇರಲೇಬೇಕು. ನೀವು ಬಿದ್ದರೆ ಅದು ತಾನೇ ಬಿಟ್ಟುಕೊಳ್ಳಬೇಕು. ಕ್ಯಾಮೆರಾ ಸ್ಲೆಡ್‌ನ ಹ್ಯಾಂಡಲ್ ಮೇಲಿದ್ದರೆ ಮೈಮೇಲಿನ ಪವರ್ ಬ್ಯಾಂಕಿನಿಂದ ಕೇಬಲ್ ಎಳೆಯಲೇಬೇಡಿ. ಸ್ಲೆಡ್‌ಗೂ ನಿಮಗೂ ನಡುವೆ ಇರಬೇಕಾದದ್ದು ಒಂದೇ ದಾರ. ನೀವು ಬಿದ್ದಾಗ ಎಂಜಿನ್ ನಿಲ್ಲಿಸುವ ದಾರ ಅದು. ಹ್ಯಾಂಡಲ್ ಮೇಲಿನ ಕ್ಯಾಮೆರಾಗೆ ಸ್ಲೆಡ್‌ನದೇ 12 ವೋಲ್ಟ್ ಸಾಕೆಟ್ ಬಳಸಿ. ಹಗ್ಗ ಎಳೆದು ಸ್ಟಾರ್ಟ್ ಮಾಡುವ, ಬ್ಯಾಟರಿ ಇಲ್ಲದ ಸ್ಲೆಡ್ ಆದರೆ ಎಂಜಿನ್ ನಿಂತ ಕ್ಷಣ ಕರೆಂಟೂ ನಿಲ್ಲುತ್ತದೆ. ಅಂಥ ಕಡೆ ಕ್ಯಾಮೆರಾದ ಬ್ಯಾಟರಿ ಒಳಗೇ ಇರಲಿ. ಇಲ್ಲದಿದ್ದರೆ ಆಗ ತೆಗೆಯುತ್ತಿದ್ದ ವಿಡಿಯೊ ಕೆಟ್ಟುಹೋಗಬಹುದು.

ಈಗ ನನಗೆ ನಿಜವಾಗಿ ಕೋಪ ಬರುವ ವಿಷಯ. ತಣ್ಣಗೆ ಕೊರೆಯುತ್ತಿರುವ ಬ್ಯಾಟರಿಯನ್ನು ದಾರಿಯಲ್ಲೇ ಚಾರ್ಜ್‌ಗೆ ಹಾಕುವುದು. "ಐದು ನಿಮಿಷ ಚಾರ್ಜ್ ಮಾಡಿ, ಬಿಸಿಯಾಗಿ ಸರಿಹೋಗುತ್ತದೆ" ಅಂತ ವಿಡಿಯೊಗಳಲ್ಲಿ ಹೇಳಿಕೊಡುತ್ತಾರೆ. ಶುದ್ಧ ತಪ್ಪು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿಯ ಎಲೆಕ್ಟ್ರೋಡ್ ಒಳಗೆ ಇಳಿಯದೆ ಲೋಹವಾಗಿ ಅದರ ಮೇಲೇ ಕೂರುತ್ತದೆ. ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಶಾರ್ಟ್ ಆಗುವ ಅಪಾಯವೂ ಇದೆ. ಮೊದಮೊದಲು ನಾನೂ ಒಂದಿಡೀ ಚಳಿಗಾಲ ಹಾಗೇ ಮಾಡಿದೆ. ಮಾರ್ಚ್‌ನಲ್ಲಿ ಒಂದು ಸಂಜೆ ಬ್ಯಾಟರಿ ಹೊರಗೆ ಬರಲಿಲ್ಲ. ಉಬ್ಬಿಕೊಂಡು ಕ್ಯಾಮೆರಾದೊಳಗೆ ಕಚ್ಚಿ ಕೂತಿತ್ತು. ಎಳೆಯುವ ಪಟ್ಟಿ ಕಿತ್ತು ಬೆರಳಿಗೇ ಬಂತು. ಪುಣ್ಯಕ್ಕೆ ಚಾಕು ಹಾಕಿ ಮೀಟಲಿಲ್ಲ. ನೀವೂ ಮೀಟಬೇಡಿ. ಕ್ಯಾಮೆರಾ ಸಮೇತ ಬ್ಯಾಟರಿ ವಿಲೇವಾರಿ ಕೇಂದ್ರಕ್ಕೆ ಕೊಟ್ಟು ಬಂದೆ.

ಆ್ಯಕ್ಷನ್ ಕ್ಯಾಮೆರಾ ಕಂಪನಿ ಗೋಪ್ರೊ 2022ರಲ್ಲಿ ತಂದ ಎಂಡ್ಯೂರೊ ಬ್ಯಾಟರಿ ಚಳಿಯನ್ನು ಹಳೆಯವಕ್ಕಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಕಂಪನಿ ಹೇಳಿಕೊಳ್ಳುವುದೇ ಮೈನಸ್ 10ರವರೆಗೆ. ಹೆಸರಿಲ್ಲದ ಮಾಲಿನ ಮೇಲೆ "ಮೈನಸ್ 40ಕ್ಕೂ ಸೈ" ಅಂತ ಬರೆದಿದ್ದರೆ ದುಡ್ಡು ಜೇಬಲ್ಲೇ ಇರಲಿ. ವೈಫೈ, ಜಿಪಿಎಸ್, ಹಿಂದಿನ ಪರದೆ ಆಫ್ ಮಾಡಿ. ಕೈ ಬೆಚ್ಚಗಿಡುವ ಹ್ಯಾಂಡ್ ವಾರ್ಮರ್ ಪೊಟ್ಟಣವನ್ನು ವಾಟರ್‌ಪ್ರೂಫ್ ಡಬ್ಬಿಯೊಳಗೆ ತುರುಕಿ ಫಲವಿಲ್ಲ. ಅದರೊಳಗಿನ ಕಬ್ಬಿಣದ ಪುಡಿ ಬಿಸಿಯಾಗಲು ಗಾಳಿ ಬೇಕು.

ಗಾಳಿ ಹೊಡೆತಕ್ಕೆ ಮೈನಸ್ 35 ಅನ್ನಿಸುತ್ತದಂತೆ. ಕ್ಯಾಮೆರಾ ಅಷ್ಟು ತಣ್ಣಗಾಗುತ್ತದಾ?

ಇಲ್ಲ. ಅದು ಚರ್ಮದ ಲೆಕ್ಕ. ಕ್ಯಾಮೆರಾ ಬೇಗ ತಣ್ಣಗಾಗುತ್ತದೆ, ಆದರೆ ಸುತ್ತಲಿನ ಗಾಳಿಗಿಂತ ಕೆಳಗೆ ಇಳಿಯುವುದಿಲ್ಲ.

ಹೆಲ್ಮೆಟ್ ನೆತ್ತಿಗೆ ಅಂಟಿಸಿದರೆ ನೋಟ ಚೆನ್ನಾಗಿ ಬರುತ್ತದೆ, ಅಲ್ವಾ?

ಬರುತ್ತದೆ. ಆದರೂ ಬೇಡ. ಇಲ್ಲಿನ ಸ್ಲೆಡ್ ದಾರಿ ನಾರ್ತ್ ಶೋರ್ ಟ್ರೇಲ್ ಡುಲುತ್‌ನಿಂದ ಗ್ರ್ಯಾಂಡ್ ಮರೇವರೆಗೆ ಸುಮಾರು 235 ಕಿಲೊಮೀಟರ್ ಇದೆ. ಅದರ ಅಂಚಿನಲ್ಲಿ ಸ್ಪ್ರೂಸ್ ಮರಗಳ ಕೊಂಬೆಗಳು ಹಿಮದ ಭಾರಕ್ಕೆ ತಲೆಯ ಮಟ್ಟಕ್ಕೇ ಬಾಗಿರುತ್ತವೆ. ಒಂದು ಕೊಂಬೆ ಕ್ಯಾಮೆರಾಗೆ ಸಿಕ್ಕಿದರೆ ಎಳೆತ ಬೀಳುವುದು ನಿಮ್ಮ ಕತ್ತಿನ ಮೇಲೆ. ಅಮೆರಿಕದ ಸಾರಿಗೆ ಇಲಾಖೆಯ (ಡಾಟ್) ಹೆಲ್ಮೆಟ್ ನಿಯಮ ಚಿಪ್ಪಿನಿಂದ ಹೊರಚಾಚುವ ಗಟ್ಟಿ ವಸ್ತುವಿಗೆ ಕೊಡುವ ಮಿತಿ 5 ಮಿಲಿಮೀಟರ್. ಸುಮ್ನೆ ಬರೆದ ನಿಯಮವಲ್ಲ ಅದು. ಎದೆಗೆ ಕಟ್ಟಿ. ಹ್ಯಾಂಡಲ್ಲೂ ಸ್ಲೆಡ್‌ನ ಮುಂದಿನ ಸ್ಕೀ (ಜಾರುವ ಪಟ್ಟಿ) ತುದಿಗಳೂ ನೋಟದಲ್ಲಿ ಬರುತ್ತವೆ, ಕೇಬಲ್ಲೂ ಚಿಕ್ಕದು ಸಾಕು.

ಸ್ಲೆಡ್‌ಗೆ ಹೀರಿಕೊಂಡು ಕಚ್ಚುವ ರಬ್ಬರ್ ಬಟ್ಟಲು, ಸಕ್ಷನ್ ಕಪ್, ಆಗುತ್ತದಾ?

ಈ ಚಳಿಗೆ ರಬ್ಬರ್ ಗಟ್ಟಿಯಾಗುತ್ತದೆ. ಬೇಡ.

ಸ್ಲೆಡ್ ಮೇಲೆ ಅಂಟಿಸಿದ ಮೌಂಟ್ (ಕ್ಯಾಮೆರಾ ಕೂರಿಸುವ ಹಿಡಿ) ಅರ್ಧ ದಾರಿಯಲ್ಲೇ ಕಿತ್ತು ಬಂತು.

ಪಾರ್ಕಿಂಗಿನಲ್ಲಿ ನಿಂತು ಅಂಟಿಸಿದ್ದೀರಿ, ಊಹಿಸಬಲ್ಲೆ. ತ್ರೀಎಂ ಕಂಪನಿಯ ವಿಎಚ್‌ಬಿ ಥರದ ಅಂಟುಪಟ್ಟಿ ಕೂರಲು 20 ಡಿಗ್ರಿ ಮೇಲಿನ ಬಿಸಿ ಬೇಕು. 10ಕ್ಕಿಂತ ಕೆಳಗೆ ಹಚ್ಚಲೇಬಾರದು. ಹಿಂದಿನ ದಿನ ಬೆಚ್ಚಗಿನ ಗ್ಯಾರೇಜಿನಲ್ಲಿ ಆಲ್ಕೊಹಾಲ್‌ನಿಂದ ಒರೆಸಿ, ಒತ್ತಿ ಹಿಡಿದು ಅಂಟಿಸಿ. 24 ಗಂಟೆ ಮುಟ್ಟಬೇಡಿ. ಪೂರ್ತಿ ಹಿಡಿತಕ್ಕೆ ಮೂರು ದಿನ. ಜೊತೆಗೆ ಒಂದು ದಾರ ಕಟ್ಟಿ. ಹಿಮದಲ್ಲಿ ಬಿದ್ದ ಕ್ಯಾಮೆರಾ ಏಪ್ರಿಲ್‌ವರೆಗೆ ಸಿಗುವುದಿಲ್ಲ.

ಗುಲ್ಮಾರ್ಗ್‌ಗೆ ಹೋಗುತ್ತಿದ್ದೇವೆ. ಬೆಂಗಳೂರಿನಿಂದಲೇ ಇದೆಲ್ಲ ಕೊಂಡೊಯ್ಯಬೇಕಾ?

ಬೇಡ. ಅಲ್ಲಿ ಜನವರಿಯ ಹಗಲು ಸೊನ್ನೆಯ ಆಚೀಚೆ ಇರುತ್ತದೆ, ಬಾಡಿಗೆ ಸವಾರಿಯೂ ಚಿಕ್ಕದು. ಇನ್ನೊಂದು ಬ್ಯಾಟರಿ ಒಳಜೇಬಿನಲ್ಲಿದ್ದರೆ ಸಾಕು.

ಲೆನ್ಸ್ ಮಂಜಾಗದಿರಲು ಆಲೂಗಡ್ಡೆ ಉಜ್ಜಬೇಕಂತೆ, ಟೂತ್‌ಪೇಸ್ಟ್ ಹಚ್ಚಬೇಕಂತೆ?

ಟೂತ್‌ಪೇಸ್ಟ್ ಲೆನ್ಸನ್ನು ಗೀರಬಹುದು. ಆಲೂಗಡ್ಡೆ ಪಲ್ಯಕ್ಕಿರಲಿ. ಮಂಜು ಹಿಡಿಯುವುದು ಹೆಚ್ಚಾಗಿ ಹೊರಗಲ್ಲ, ತಣ್ಣಗಿನ ಕ್ಯಾಮೆರಾವನ್ನು ಬಿಸಿ ಕೋಣೆಗೆ ತಂದಾಗ. ಬಾಗಿಲ ಹೊರಗೇ ಅದನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಒಳಗೆ ಬಂದ ಮೇಲೆ ಒಂದು ಗಂಟೆ ತೆರೆಯಬೇಡಿ. ನೀರು ಚೀಲದ ಮೇಲೆ ಕೂರುತ್ತದೆ, ಲೆನ್ಸ್ ಒಣಗಿರುತ್ತದೆ. ಬ್ಯಾಟರಿ ಚಾರ್ಜ್‌ಗೆ ಹಾಕುವುದೂ ಆಮೇಲೇ.