ಡಿಮೆನ್ಷಿಯಾ ಅಂತ ಗೊತ್ತಾದ ಮೇಲೆ ಬೇರೆಯವರಿಗೆ ಯಾವಾಗ ಹೇಳಬೇಕು?

ನಿಮ್ಮ ಅಪ್ಪನಿಗೆ ಹೋದ ತಿಂಗಳು ಅಲ್‌ಝೈಮರ್ (ಡಿಮೆನ್ಷಿಯಾ ಅನ್ನೋ ಮರೆವಿನ ಕಾಯಿಲೆಯ ಒಂದು ಬಗೆ) ಅಂತ ಗೊತ್ತಾಗಿದೆ, ಮನೆಯವರನ್ನು ಬಿಟ್ಟು ಯಾರಿಗೂ ಹೇಳೋದು ಬೇಡ ಅಂತ ಅಮ್ಮ ಹಟ ಹಿಡಿದಿದ್ದಾರೆ, ಯಾವಾಗ ಹೇಳೋದು ಅಂತ ಕೇಳಿದ್ದೀರಿ. ಅಪ್ಪ ತಮ್ಮ ಬಾಯಿಂದಲೇ ಹೇಳೋಕೆ ಆಗುವಾಗ ಹೇಳಿ. ಅಂದರೆ ನೀವು ಅಂದುಕೊಂಡಿರೋದಕ್ಕಿಂತ ಬೇಗ.

ನಾವು ತಡ ಮಾಡಿದೆವು. ನನ್ನ ಗಂಡನಿಗೆ ಈ ಕಾಯಿಲೆ ಅಂತ ಡಾಕ್ಟರ್ ಹೇಳಿದ ಮೇಲೆ ಒಂದೂವರೆ ವರ್ಷ ಯಾರಿಗೂ ಬಾಯಿ ಬಿಡಲಿಲ್ಲ. ಮುಚ್ಚಿಟ್ಟಿದ್ದು ಅವರಲ್ಲ, ನಾನು. ಎಲ್ಲರೂ ಪಾಪ ಅನ್ನುತ್ತಾರೆ ಅನ್ನೋ ಭಯ. ಆದರೆ ನಾವು ಹೇಳದಿದ್ದರೆ ಜನ ಸುಮ್ನೆ ಇರುತ್ತಾರಾ? ತಮಗೆ ತೋಚಿದ ಕಾರಣ ಕಟ್ಟಿಕೊಳ್ಳುತ್ತಾರೆ. ಅಹಂಕಾರ ಬಂದಿದೆ ಅಂದರು. ಕುಡಿಯೋಕೆ ಶುರು ಮಾಡಿರಬೇಕು ಅಂತಲೂ ಅಂದರು.

ಅದನ್ನಾದರೂ ನುಂಗಿಕೊಂಡೆ. ನನ್ನ ಗಂಡನ ಹಳೇ ಸ್ನೇಹಿತರೊಬ್ಬರು ಸಾಲ ತೀರಿಸಿದ್ದರು. ಇವರು 'ಕೊಟ್ಟೇ ಇಲ್ಲ' ಅಂತ ನಾಲ್ಕು ಜನರ ಮುಂದೆ ಕೂಗಾಡಿಬಿಟ್ಟರು. ಆ ಸ್ನೇಹಿತರು ಮಾತು ಬಿಟ್ಟರು. ಆಮೇಲೆ ಒಂದು ದಿನ ಡೈರಿ ತಿರುವಿದರೆ ಇವರದೇ ಅಕ್ಷರ: 'ಹಣ ಬಂತು, ಪೂರ್ತಿ.' ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು. ಆ ಡೈರಿ ಹಿಡಿದುಕೊಂಡು ಅವರ ಮನೆ ಬಾಗಿಲಿಗೆ ಹೋಗೋಕೆ ನನಗೆ ಏಳು ತಿಂಗಳು ಬೇಕಾಯಿತು. ಅವರು ಅದೇ ಸಂಜೆ ಓಡಿ ಬಂದರು. ಇವರಿಗೆ ಅವರ ಹೆಸರು ಬಾಯಿಗೆ ಬರಲಿಲ್ಲ.

ಹಾಗಂತ ನಾಳೆಯೇ ಎಲ್ಲರ ವಾಟ್ಸಾಪ್‌ಗೂ ಮೆಸೇಜ್ ಹಾಕಿ ಅಂತಲ್ಲ. ಮೊದಲು ರೋಗ ಖಚಿತವಾಗಿದೆಯಾ ನೋಡಿ. ವಿಟಮಿನ್ ಬಿ12 ಕಮ್ಮಿಯಾದರೂ, ಥೈರಾಯ್ಡ್ ಏರುಪೇರಾದರೂ, ಖಿನ್ನತೆ ಇದ್ದರೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಈ ಪರೀಕ್ಷೆಗಳೆಲ್ಲ ಆಗಿವೆಯಾ ಅಂತ ಡಾಕ್ಟರನ್ನೇ ಕೇಳಿ.

ಆಮೇಲೆ ಅಪ್ಪನನ್ನು ಕೇಳಿ. ಯಾರಿಗೆ ಹೇಳೋಣ, ಯಾರಿಗೆ ಈಗಲೇ ಬೇಡ, ನೀವೇ ಹೇಳುತ್ತೀರಾ, ನಾನು ಹೇಳಲಾ? ಇದು ಅವರ ಸುದ್ದಿ, ಅಲ್ವಾ? ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ 1994ರ ನವೆಂಬರ್‌ನಲ್ಲಿ ತಮ್ಮ ಅಲ್‌ಝೈಮರ್ ವಿಷಯ ದೇಶಕ್ಕೆ ತಿಳಿಸಿದ್ದು ಸ್ವಂತ ಕೈಬರಹದ ಪತ್ರದಲ್ಲಿ. ಆಗ ಅವರಿಗೆ 83 ವರ್ಷ. ನಮ್ಮವರು ಕೊನೆಗೆ ಹೇಳಿದ್ದು ಇಷ್ಟೇ: 'ನನಗೆ ಮರೆವಿನ ಕಾಯಿಲೆ ಬಂದಿದೆ. ಕೇಳಿದ್ದನ್ನೇ ಕೇಳಿದರೆ ಬೇಜಾರು ಮಾಡ್ಕೋಬೇಡಿ.' ನಾನಾಗಿದ್ದರೆ ಅರ್ಧ ಗಂಟೆ ಪೀಠಿಕೆ ಹಾಕುತ್ತಿದ್ದೆ.

ಕೆಲವು ವಿಷಯ ಮಾತ್ರ ಕಾಯೋದಿಲ್ಲ. ಅಪ್ಪ ಗಾಡಿ ಓಡಿಸುತ್ತಾರಾ? ಇನ್ನೂ ಕೆಲಸಕ್ಕೆ ಹೋಗುತ್ತಾರಾ? ಒಬ್ಬರೇ ವಾಕಿಂಗ್ ಹೋಗುತ್ತಾರಾ? ಹಾಗಿದ್ದರೆ ಅಲ್ಲಿ ಅವರ ಜೊತೆ ಇರುವವರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ವಿಲ್ಲು, ಆಸ್ತಿ ಪತ್ರ ಇದ್ದರೆ ಈಗಲೇ ವಕೀಲರನ್ನು ನೋಡಿ. ಏನಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ಅವರಿಗೆ ಅರ್ಥ ಆಗುವಾಗಲೇ ಅದು ಮುಗಿಯಬೇಕು. ದುಡ್ಡಿನ ಮೇಲೆ ಕಣ್ಣಿರುವ ನೆಂಟರಿಗೆ ಮಾತ್ರ ತಡವಾಗಿ ಹೇಳಿದರೂ ನಷ್ಟವಿಲ್ಲ.

ಹೇಳಿದ ಮೇಲೆ ಒಂದು ಹೊಸ ಕಾಟ ಶುರುವಾಗುತ್ತದೆ. ನಮ್ಮವರು ಎದುರಿಗೇ ಕೂತಿರುತ್ತಾರೆ, ಬಂದವರು ನನ್ನ ಕಡೆ ತಿರುಗಿ 'ಹೇಗಿದ್ದಾರೆ ಈಗ?' ಅನ್ನುತ್ತಾರೆ. ನಾನು 'ಅವರನ್ನೇ ಕೇಳಿ' ಅಂದುಬಿಡುತ್ತೇನೆ. ಆ ಸ್ನೇಹಿತರು ಮಾತ್ರ ಹಾಗಲ್ಲ. ಬಂದ ತಕ್ಷಣ ತಮ್ಮ ಹೆಸರು ಹೇಳಿಯೇ ಕೂರುತ್ತಾರೆ.

ಅಮ್ಮನ ಜೊತೆ ಜಗಳಕ್ಕೆ ಇಳಿಯಬೇಡಿ. ಅವರ ಭಯ ನನಗೆ ಚೆನ್ನಾಗಿ ಗೊತ್ತು. ಸದ್ಯಕ್ಕೆ ಒಬ್ಬರಿಗೆ ಮಾತ್ರ ಹೇಳಿ ನೋಡೋಣ ಅನ್ನಿ. ಆ ಒಬ್ಬರು ಯಾರು ಅಂತ ಅಪ್ಪ, ಅಮ್ಮನೇ ಕೂತು ಆರಿಸಲಿ.